ಟಯರುಗಳ ಅಸಮ ಸವೆತ ಮತ್ತು ಚಕ್ರಗಳ ಅಲೈನ್‌ಮೆಂಟ್: ಶಿವಮೊಗ್ಗ ಮತ್ತು ಭದ್ರಾವತಿಯ ವಾಹನ ಮಾಲೀಕರಿಗೆ ಮಾಹಿತಿ

ಶಿವಮೊಗ್ಗ ನಗರದ ಗಾಂಧಿ ಬಜಾರ್ ಪ್ರದೇಶದ ಅಂಗಡಿಗಳಿಗೆ ಸರಕು ಸಾಗಿಸುವ ಗೂಡ್ಸ್ ಆಟೋ ಮತ್ತು ಮಿನಿ ಲಾರಿಗಳು, ಹಾಗೂ ಶಿವಮೊಗ್ಗ-ಭದ್ರಾವತಿ ನಡುವೆ ಬಾಡಿಗೆಗೆ ಸಂಚರಿಸುವ ವಾಹನಗಳು ಸಾರಿಗೆ ವಾಹನಗಳ ವರ್ಗಕ್ಕೆ ಸೇರಿರುತ್ತವೆ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 56ರ ಮೇರೆಗೆ ಇಂತಹ ವಾಹನಗಳು ಚಾಲ್ತಿಯಲ್ಲಿರುವ ಅರ್ಹತಾ ಪ್ರಮಾಣ ಪತ್ರವನ್ನು (ಎಫ್.ಸಿ.) ಹೊಂದಿರತಕ್ಕದ್ದು. ಸದರಿ ಪತ್ರವಿಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸಲಾಗುವುದಿಲ್ಲ. ವಾಹನಕ್ಕೆ 8 ವರ್ಷ ತುಂಬುವವರೆಗೆ 2 ವರ್ಷಗಳಿಗೊಮ್ಮೆ, ತದನಂತರ ಪ್ರತಿ ವರ್ಷ ಪತ್ರವನ್ನು ನವೀಕರಿಸಿಕೊಳ್ಳಬೇಕಾಗುತ್ತದೆ.

ತಪಾಸಣೆಯ ದಿನ ಸಮೀಪಿಸಿದಾಗ ಸವೆದ ಟಯರನ್ನು ತೆಗೆದು ಹೊಸ ಟಯರು ಹಾಕಿಸುವುದು ಸಾಮಾನ್ಯ ರೂಢಿ. ಟಯರು ಎಲ್ಲೆಡೆ ಸಮನಾಗಿ ಸವೆದಿದ್ದಲ್ಲಿ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದೇ ಅಂಚು ಬೋಳಾಗಿದ್ದಲ್ಲಿ ದೋಷವು ಟಯರಿನಲ್ಲಿರುವುದಕ್ಕಿಂತ ವಾಹನದಲ್ಲಿರುವ ಸಂಭವವೇ ಹೆಚ್ಚು. ಅದನ್ನು ಸರಿಪಡಿಸದೆ ಹಾಕಿಸಿದ ಹೊಸ ಟಯರು ಸಹ ಅದೇ ಜಾಗದಲ್ಲಿ ಸವೆಯುತ್ತದೆ. ದಿನದ ದುಡಿಮೆಯನ್ನೇ ನಂಬಿದ ಮಾಲೀಕರಿಗೆ ಇದು ಎರಡು ಬಾರಿ ತೆರುವ ವೆಚ್ಚ.

ನಿಯಮಗಳು

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 94ರಂತೆ, ಜನರು ಬಟನ್ ಎಂದು ಕರೆಯುವ ಟಯರಿನ ಮೇಲ್ಮೈ ಕಚ್ಚುಗಳ ಆಳವು ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8 ಮಿ.ಮೀ.ಗಿಂತ, ಇತರ ವಾಹನಗಳಲ್ಲಿ 1.6 ಮಿ.ಮೀ.ಗಿಂತ ಕಡಿಮೆ ಇರತಕ್ಕದ್ದಲ್ಲ. ಕಚ್ಚುಗಳ ತಳದಲ್ಲಿ ಅಡ್ಡಲಾಗಿರುವ ಸಣ್ಣ ರಬ್ಬರ್ ಉಬ್ಬುಗಳು ಸವೆತದ ಸೂಚಕಗಳು; ಬಟನ್ ಅವುಗಳ ಮಟ್ಟಕ್ಕೆ ಇಳಿದಾಗ ಟಯರಿನ ಆಯುಷ್ಯ ಮುಗಿದಂತೆ. ಒಂದು ಅಂಚು ಬೋಳಾಗಿರುವಾಗ ಉಳಿದ ಭಾಗ ಚೆನ್ನಾಗಿದೆಯೆಂಬ ಕಾರಣದಿಂದ ಟಯರು ಸುರಕ್ಷಿತವಾಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ರಸ್ತೆಯ ನೀರನ್ನು ಹೊರತಳ್ಳುವುದು ಈ ಕಚ್ಚುಗಳೇ.

ನಿಯಮ 98 ಸ್ಟೇರಿಂಗ್‌ಗೆ ಸಂಬಂಧಿಸಿದ್ದು. ಸ್ಟೇರಿಂಗ್ ಚಕ್ರದ ಸಡಿಲ ತಿರುಗುವಿಕೆಯು 30 ಡಿಗ್ರಿಯನ್ನು ಮೀರತಕ್ಕದ್ದಲ್ಲ. ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿಗಳಿರತಕ್ಕದ್ದು. ಟಯರಿನ ಅಸಮ ಸವೆತಕ್ಕೂ ಈ ನಿಯಮಕ್ಕೂ ನೇರ ಸಂಬಂಧವಿದೆ, ಏಕೆಂದರೆ ಸವೆದ ಜಾಯಿಂಟು ಚಕ್ರದ ದಿಕ್ಕನ್ನು ಸ್ಥಿರವಾಗಿ ಹಿಡಿದಿಡಲಾರದು.

ಅಲೈನ್‌ಮೆಂಟ್ ಎಂದರೇನು

ಚಕ್ರವು ನಿಂತಿರುವ ಕೋನಗಳನ್ನು ತಯಾರಕರು ಸೂಚಿಸಿದ ಅಳತೆಗೆ ತರುವುದೇ ವೀಲ್ ಅಲೈನ್‌ಮೆಂಟ್. ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳ ಮುಂಭಾಗವು ಒಳಕ್ಕೆ ಬಾಗಿದ್ದರೆ ಟೋ ಇನ್, ಹೊರಕ್ಕೆ ಬಾಗಿದ್ದರೆ ಟೋ ಔಟ್. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಚಕ್ರ ತಿರುಗುವ ಅಕ್ಷವು ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್; ಇದು ಟಯರನ್ನು ಅಷ್ಟಾಗಿ ಸವೆಸುವುದಿಲ್ಲ, ಆದರೆ ವಾಹನವು ಒಂದು ಕಡೆಗೆ ಎಳೆಯಲು ಕಾರಣವಾಗಬಹುದು.

ಇವುಗಳಲ್ಲಿ ಟಯರನ್ನು ಅತಿ ಬೇಗ ತಿನ್ನುವುದು ಟೋ ದೋಷ. 60 ಸೆಂ.ಮೀ. ವ್ಯಾಸದ ಚಕ್ರವೊಂದರ ಮುಂದಿನ ಅಂಚು ಹಿಂದಿನ ಅಂಚಿಗಿಂತ ಕೇವಲ 3 ಮಿ.ಮೀ. ಒಳಕ್ಕೆ ಸರಿದಿದೆ ಎಂದುಕೊಳ್ಳೋಣ. ಕಣ್ಣಿಗೆ ಇದು ಕಾಣುವುದಿಲ್ಲ. ಆದರೆ ಲೆಕ್ಕದ ಪ್ರಕಾರ ಆ ಚಕ್ರವು ಪ್ರತಿ ಕಿ.ಮೀ.ಗೆ ಸುಮಾರು 5 ಮೀಟರ್‌ನಷ್ಟು ಅಡ್ಡಕ್ಕೆ ಎಳೆಯಲ್ಪಡುತ್ತದೆ. ಭದ್ರಾವತಿಯಿಂದ ಬಿ.ಹೆಚ್. ರಸ್ತೆಯಲ್ಲಿ, ಅಂದರೆ ಹಿಂದೆ 206 ಆಗಿದ್ದು ಈಗ 69 ಎಂಬ ಸಂಖ್ಯೆ ಪಡೆದಿರುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಸುಮಾರು 20 ಕಿ.ಮೀ. ಕ್ರಮಿಸಿ ಗಾಂಧಿ ಬಜಾರ್ ತಲುಪುವಷ್ಟರಲ್ಲಿ ಇದು 100 ಮೀಟರ್ ಆಗುತ್ತದೆ. ಸರಕು ತುಂಬಿದ ವಾಹನದ ಟಯರನ್ನು 100 ಮೀಟರ್ ಅಡ್ಡಕ್ಕೆ ಉಜ್ಜಿದರೆ ಆಗುವ ಹಾನಿಯನ್ನು ಮಾಲೀಕರೇ ಊಹಿಸಬಹುದು. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ಸೈಡ್ ಸ್ಲಿಪ್ ಯಂತ್ರವು ಅಳೆಯುವುದೂ ಇದೇ ಅಡ್ಡ ಜಾರುವಿಕೆಯನ್ನೇ.

ಸವೆತದ ಗುರುತುಗಳು

ವಾಹನವನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಟಯರಿನ ಮೇಲ್ಮೈಯನ್ನು ಅಡ್ಡಲಾಗಿ ಅಂಗೈಯಿಂದ ಮೆಲ್ಲನೆ ಸವರಿ ನೋಡುವುದು. ತಂತಿ ಹೊರಬಂದಿರುವ ಟಯರನ್ನು ಬರಿಗೈಯಿಂದ ಮುಟ್ಟಬಾರದು. ಅಂತಹ ಟಯರಿಗೆ ಪರೀಕ್ಷೆಯ ಅಗತ್ಯವೂ ಇಲ್ಲ, ತೆಗೆಯುವುದೊಂದೇ ದಾರಿ.

ಒಳಗಿನಿಂದ ಹೊರಕ್ಕೆ ಸವರಿದಾಗ ಬಟನ್‌ಗಳ ಅಂಚು ಗರಗಸದಂತೆ ಚುಚ್ಚಿ, ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿದ್ದರೆ ಟೋ ಇನ್ ಹೆಚ್ಚಾಗಿದೆ. ಇದಕ್ಕೆ ವಿರುದ್ಧವಾಗಿದ್ದರೆ ಟೋ ಔಟ್. ಗರಗಸದ ಅನುಭವವಿಲ್ಲದೆ ಒಂದೇ ಅಂಚು ಸವೆದು ಇಳಿಜಾರಾಗಿದ್ದರೆ ಕ್ಯಾಂಬರ್ ದೋಷ, ಅಥವಾ ಬಾಗಿದ ಆಕ್ಸಲ್, ಸವೆದ ಬುಷ್ ಎಂದು ಸಂಶಯಿಸಬೇಕು. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ ಅಥವಾ ಹೊರೆ ಹೆಚ್ಚು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಈ ಎರಡು ಸಂದರ್ಭಗಳಲ್ಲಿ ಅಲೈನ್‌ಮೆಂಟ್‌ಗೆ ಹಣ ವ್ಯಯಿಸುವುದರಿಂದ ಪ್ರಯೋಜನವಿಲ್ಲ. ಸುತ್ತಲೂ ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಷಾಕ್ ಅಬ್ಸಾರ್ಬರ್ ದುರ್ಬಲವಾಗಿರಬಹುದು ಅಥವಾ ಚಕ್ರದ ಬ್ಯಾಲೆನ್ಸಿಂಗ್ ತಪ್ಪಿರಬಹುದು. ಒಂದೇ ಕಡೆ ಚಪ್ಪಟೆಯಾಗಿದ್ದರೆ ಬ್ರೇಕ್ ಹಿಡಿದುಕೊಂಡು ಚಕ್ರ ಜಾರಿರುವ ಲಕ್ಷಣ.

ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಬೇರೆ ಬೇರೆ ಕೆಲಸಗಳು. ವೇಗದಲ್ಲಿ ಸ್ಟೇರಿಂಗ್ ನಡುಗುವುದು ಬ್ಯಾಲೆನ್ಸಿಂಗ್ ದೋಷದ ಸಾಮಾನ್ಯ ಲಕ್ಷಣ. ವಾಹನವು ತುಸು ಎಡಕ್ಕೆ ಎಳೆಯುವುದಕ್ಕೆ ರಸ್ತೆಯ ಎಡ ಇಳಿಜಾರೇ ಕಾರಣವಿರಲೂಬಹುದು. ಮುಂದಿನ ಎರಡು ಟಯರುಗಳನ್ನು ಎಡಬಲ ಅದಲುಬದಲು ಮಾಡಿದಾಗ ಎಳೆತವೂ ದಿಕ್ಕು ಬದಲಿಸಿದರೆ ದೋಷ ಟಯರಿನದೇ. (ತಿರುಗುವ ದಿಕ್ಕಿನ ಬಾಣದ ಗುರುತುಳ್ಳ ಟಯರುಗಳನ್ನು ಹೀಗೆ ಬದಲಿಸಬಾರದು.)

ದುರಸ್ತಿಯ ಅನುಕ್ರಮ

ಮೊದಲು ಟಯರು ತಣ್ಣಗಿರುವಾಗ ಗಾಳಿಯ ಒತ್ತಡ ನೋಡಿಸುವುದು. ನಂತರ ಟೈ ರಾಡ್, ಬಾಲ್ ಜಾಯಿಂಟ್, ಬುಷ್, ಚಕ್ರದ ಬೇರಿಂಗುಗಳನ್ನು ಪರೀಕ್ಷಿಸಿ ಸವೆದದ್ದನ್ನು ಬದಲಾಯಿಸುವುದು. ಅಲೈನ್‌ಮೆಂಟ್ ಇವೆಲ್ಲದರ ಬಳಿಕ. ಸಡಿಲ ಭಾಗಗಳನ್ನು ಹಾಗೆಯೇ ಬಿಟ್ಟು ಯಂತ್ರದ ಮೇಲೆ ಕೋನ ಹೊಂದಿಸಿದರೆ ಮೊದಲ ಗುಂಡಿಗೇ ಅದು ತಪ್ಪುತ್ತದೆ. ದುರಸ್ತಿಗೆ ಮೊದಲಿನ ಮತ್ತು ನಂತರದ ಅಳತೆಗಳಿರುವ ಚೀಟಿಯನ್ನು ಕೇಳಿ ಪಡೆಯುವುದು ಮಾಲೀಕರ ಹಿತಕ್ಕೆ ಒಳ್ಳೆಯದು. ಸದರಿ ಚೀಟಿಯು ಅರ್ಹತಾ ಪ್ರಮಾಣ ಪತ್ರಕ್ಕೆ ಬದಲಿಯಲ್ಲ.

ಗೂಡ್ಸ್ ಆಟೋದಂತಹ ತ್ರಿಚಕ್ರ ವಾಹನದಲ್ಲಿ ಮುಂದೆ ಒಂದೇ ಚಕ್ರವಿರುವುದರಿಂದ ಅಲ್ಲಿ ಟೋ ಹೊಂದಿಸುವ ಪ್ರಶ್ನೆಯಿಲ್ಲ. ಮುಂದಿನ ಟಯರು ಒಂದು ಬದಿ ಸವೆದಿದ್ದರೆ ಫೋರ್ಕ್ ಬಾಗಿದೆಯೇ ಎಂದೂ, ಹಿಂದಿನದು ಸವೆದಿದ್ದರೆ ಆ ಬದಿಯ ತೋಳಿನ ಬುಷ್ ಸವೆದಿದೆಯೇ ಎಂದೂ ನೋಡಿಸಬೇಕು. ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಚಕ್ರವನ್ನು ಚರಂಡಿಯ ಕಲ್ಲಿಗೆ ಹತ್ತಿಸಿ ನಿಲ್ಲಿಸುವುದು ಮತ್ತು ಹೊರೆ ಹೊತ್ತು ನಿಂತಲ್ಲೇ ಸ್ಟೇರಿಂಗ್ ತಿರುಗಿಸುವುದು ಈ ಭಾಗಗಳಿಗೆ ಹಾನಿಕರ.

ಅರ್ಜಿ, ನಿರಾಕರಣೆ ಮತ್ತು ಮೇಲ್ಮನವಿ

ಭದ್ರಾವತಿ ತಾಲ್ಲೂಕು ಶಿವಮೊಗ್ಗದ ಪ್ರಾದೇಶಿಕ ಸಾರಿಗೆ ಕಛೇರಿಯ (ಕೆಎ-14) ವ್ಯಾಪ್ತಿಗೆ ಒಳಪಟ್ಟಿರುತ್ತದೆ. ಅರ್ಜಿಯನ್ನು ವಾಹನ್ ಪೋರ್ಟಲ್ ಮೂಲಕ ಸಲ್ಲಿಸಿ, ನಿಗದಿತ ಶುಲ್ಕ ಪಾವತಿಸಿ, ನೋಂದಣಿ ಪತ್ರ, ವಿಮೆ, ತೆರಿಗೆ ಪಾವತಿ ಹಾಗೂ ಹೊಗೆ ತಪಾಸಣೆಯ ದಾಖಲೆಗಳೊಂದಿಗೆ ವಾಹನವನ್ನು ಹಾಜರುಪಡಿಸತಕ್ಕದ್ದು. ಪತ್ರದ ಅವಧಿ ಮುಗಿಯುವ ಮುನ್ನವೇ ದುರಸ್ತಿ ಮುಗಿಸಿ ಕೆಲವು ದಿನ ವಾಹನ ಓಡಿಸಿ ನೋಡುವಷ್ಟು ಕಾಲಾವಕಾಶ ಇಟ್ಟುಕೊಳ್ಳುವುದು ಸೂಕ್ತ. ಸಾರಿಗೆಯೇತರ ಸ್ವಂತ ವಾಹನಗಳಿಗೆ 15 ವರ್ಷಗಳ ನಂತರದ ನೋಂದಣಿ ನವೀಕರಣದ ವೇಳೆ ತಪಾಸಣೆ ಇರುತ್ತದೆ. ಇದಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ಅರ್ಹತಾ ಪ್ರಮಾಣ ಪತ್ರವನ್ನು ನಿರಾಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ನೀಡಬೇಕೆಂದು ಕಲಂ 56 ವಿಧಿಸುತ್ತದೆ. "ಟಯರು ಸರಿಯಿಲ್ಲ" ಎಂಬ ಬಾಯಿಮಾತಿಗೆ ಹಿಂದಿರುಗದೆ, ಯಾವ ಚಕ್ರ, ಯಾವ ದೋಷ ಎಂಬುದನ್ನು ಬರಹದಲ್ಲಿ ಪಡೆದುಕೊಂಡರೆ ದುರಸ್ತಿಯೂ ಸುಲಭವಾಗುತ್ತದೆ. ಆದೇಶದಿಂದ ಬಾಧಿತರಾದವರು ಅದರ ತಿಳಿವಳಿಕೆ ತಲುಪಿದ 30 ದಿನಗಳೊಳಗಾಗಿ ಕಲಂ 57ರ ಮೇರೆಗೆ ಮೇಲ್ಮನವಿ ಸಲ್ಲಿಸಬಹುದು.