ತೆರೆದ ವೈಫೈ ಮತ್ತು ಮನೆಯೊಡೆಯನ ಹೆಸರು

ವಾಯವ್ಯ ದೆಹಲಿಯ ಪೀತಮ್‌ಪುರದಲ್ಲಿ 1988ರಲ್ಲಿ ಪೂರ್ಣಗೊಂಡ 235 ಮೀಟರ್ ಎತ್ತರದ ದೂರದರ್ಶನ ಗೋಪುರ ಬಿತ್ತರಿಸಿದ ಅಲೆಗಳನ್ನು ಸುತ್ತಲಿನ ಮನೆಗಳು ಯಾರ ಅಪ್ಪಣೆಯನ್ನೂ ಕೇಳದೆ ಹಿಡಿದುಕೊಂಡವು. ಆದರೆ ಈ ಸ್ವಾತಂತ್ರ್ಯ ಅಷ್ಟೇನೂ ಹಳೆಯದಲ್ಲ, ಏಕೆಂದರೆ ರೇಡಿಯೊ ಇಟ್ಟುಕೊಳ್ಳಲು ಪರವಾನಗಿ ಬೇಕೆಂದು ವಿಧಿಸಿದ 1933ರ ಕಾಯ್ದೆಯಂತೆ 1980ರ ದಶಕದವರೆಗೂ ಕೇಳುಗರು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟುತ್ತಿದ್ದರು. ಆ ಶುಲ್ಕವನ್ನು ತಪ್ಪಿಸಿದವನು ಸರ್ಕಾರದ ಬಾಕಿ ಉಳಿಸಿಕೊಂಡನೇ ಹೊರತು ನೆರೆಯವನಿಗೆ ನಷ್ಟ ಮಾಡಲಿಲ್ಲ. ಒಬ್ಬ ಕೇಳಿದ ಪ್ರಸಾರ ಇನ್ನೊಬ್ಬನಿಗೆ ಕಡಿಮೆಯಾಗುವಂಥದ್ದಲ್ಲ.

ಈ ನ್ಯಾಯ ವೈಫೈಗೆ ಸಲ್ಲುವುದಿಲ್ಲ. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯ ಕಟ್ಟಿನಿಂದ ಬಿಡಿಸಿದ ಮೇಲೆ, ಗೋಡೆಗೆ ಗೋಡೆ ತಾಗಿದ ದೆಹಲಿಯ ಬಡಾವಣೆಗಳಲ್ಲಿ ಒಂದು ಮನೆಯ ರೌಟರ್, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಅಲೆಗಳಾಗಿ ಹಂಚುವ ಪೆಟ್ಟಿಗೆ, ಪಕ್ಕದ ಮನೆಯೊಳಗೂ ತಲುಪತೊಡಗಿತು. ರೇಡಿಯೊ ಕೇಳುಗ ಬರುವುದನ್ನಷ್ಟೇ ಪಡೆಯುತ್ತಾನೆ. ವೈಫೈ ಬಳಸುವವನು ಕಳುಹಿಸಲೂಬಲ್ಲ, ಮತ್ತು ಅವನು ಕಳುಹಿಸಿದ್ದೆಲ್ಲ ಹೊರಜಗತ್ತಿಗೆ ಆ ಮನೆಯ ಐಪಿ ವಿಳಾಸದಿಂದ, ಅಂದರೆ ಸಂಪರ್ಕವನ್ನು ಗುರುತಿಸುವ ಅಂಕಿಗಳ ಸಾಲಿನಿಂದ, ಬಂದಂತೆ ಕಾಣುತ್ತದೆ. ಅಪರಿಚಿತನು ಬಳಸಿಕೊಂಡ ಡೇಟಾದ ಬೆಲೆ ಅಲ್ಪವಾಗಿರಬಹುದು, ಆದರೆ ಅದರೊಂದಿಗೆ ಅವನು ಮನೆಯೊಡೆಯನ ಹೆಸರನ್ನೂ ಎರವಲು ಪಡೆಯುತ್ತಾನೆ ಎಂಬುದೇ ಇಲ್ಲಿನ ನೈತಿಕ ಪ್ರಶ್ನೆಯ ತಿರುಳು.

ಆ ಎರವಲು ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು 2008 ತೋರಿಸಿತು. ಜುಲೈ 26ರ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇ-ಮೇಲ್ ನವಿ ಮುಂಬೈಯ ಸಾನ್ಪಾಡಾದಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬನ ಬೀಗವಿಲ್ಲದ ವೈಫೈಯಿಂದ ಹೊರಟಿತ್ತು. ತಾನು ಬರೆಯದ ಪತ್ರಕ್ಕಾಗಿ ಆತ ಪೊಲೀಸರ ವಿಚಾರಣೆಯನ್ನು ಎದುರಿಸಬೇಕಾಯಿತು. ಸೆಪ್ಟೆಂಬರ್ 13ರಂದು ದೆಹಲಿಯ ಕರೋಲ್ ಬಾಗ್, ಕನಾಟ್ ಪ್ಲೇಸ್ ಮತ್ತು ಗ್ರೇಟರ್ ಕೈಲಾಶ್ ಸ್ಫೋಟಗಳಿಗೆ ತತ್ತರಿಸಿದಾಗಲೂ, ಆ ಸಂಬಂಧದ ಇ-ಮೇಲ್‌ನ ಜಾಡು ಹಿಡಿದ ತನಿಖೆ ಮುಂಬೈಯ ಚೆಂಬೂರಿನ ಕಂಪನಿಯೊಂದರ ಅಸುರಕ್ಷಿತ ವೈಫೈಗೇ ಹೋಗಿ ನಿಂತಿತು.

ಕಾನೂನು ಮೊದಲಿನಿಂದಲೂ ಬಳಸುವವನತ್ತಲೇ ಬೊಟ್ಟು ಮಾಡಿತ್ತು: ಮಾಲೀಕನ ಅನುಮತಿಯಿಲ್ಲದೆ ಕಂಪ್ಯೂಟರ್ ಜಾಲವನ್ನು ಪ್ರವೇಶಿಸಿದವನು ಪರಿಹಾರ ಕೊಡಬೇಕೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಹೇಳುತ್ತದೆ. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈಫೈ ಸುರಕ್ಷತೆಯ ಬಗ್ಗೆ ಸೇವಾದಾರ ಕಂಪನಿಗಳಿಗೆ ಸೂಚನೆ ಹೊರಡಿಸಿದಾಗ ಬೀಗ ಹಾಕುವ ಹೊಣೆ ಸಂಪರ್ಕ ಪಡೆದವರ ಮೇಲೂ ಬಿತ್ತು. ಭಯದ ಆ ವರ್ಷಗಳಲ್ಲಿ ಇದು ಅನಿವಾರ್ಯವಾಗಿತ್ತು, ಆದರೂ ಔದಾರ್ಯದಿಂದ ಜಾಲವನ್ನು ತೆರೆದಿಟ್ಟವನೂ ಅಜಾಗರೂಕನೂ ಒಂದೇ ಸಾಲಿನಲ್ಲಿ ನಿಲ್ಲುವಂತಾದದ್ದು ನೆರೆಹೊರೆಗೆ ಆದ ನಿಜವಾದ ನಷ್ಟ. ಬಾಗಿಲು ತಟ್ಟಿ ಪಾಸ್‌ವರ್ಡ್ ಕೇಳಿ ಪಡೆಯುವ ನೆರೆಯವನಿಗೂ ಕೇಳದೆ ಒಳನುಗ್ಗುವವನಿಗೂ ಇರುವ ಅಂತರ ಸಣ್ಣದಲ್ಲ. ಮೊದಲನೆಯ ಸಂದರ್ಭದಲ್ಲಿ ತನ್ನ ಹೆಸರಿನಲ್ಲಿ ಯಾರು ಮಾತಾಡುತ್ತಾರೆಂಬುದು ಮನೆಯೊಡೆಯನಿಗೆ ಗೊತ್ತಿರುತ್ತದೆ.

ಸಾರ್ವಜನಿಕ ವೈಫೈ ಕೂಡ ಈ ಅಂತರವನ್ನು ಉಳಿಸಿಕೊಂಡಿತು: 2019ರ ಡಿಸೆಂಬರಿನಲ್ಲಿ ದೆಹಲಿ ಸರ್ಕಾರ ಆರಂಭಿಸಿದ ಉಚಿತ ವೈಫೈ ಯೋಜನೆಯಾಗಲಿ, ಅಂಗಡಿಯವರೂ ಪರವಾನಗಿಯಿಲ್ಲದೆ ವೈಫೈ ಒದಗಿಸಲು ಅವಕಾಶ ಕೊಟ್ಟ 2020ರ ಪಿಎಂ-ವಾಣಿ ಯೋಜನೆಯಾಗಲಿ, ಬಳಸುವವನು ಮೊದಲು ತನ್ನ ಮೊಬೈಲ್ ಸಂಖ್ಯೆಯ ಮೂಲಕ ಗುರುತು ತಿಳಿಸಬೇಕೆಂಬ ಏರ್ಪಾಡಿನ ಮೇಲೆ ರೂಪುಗೊಂಡವು.