'ಹೆಲ್ಡ್' ಅಂದ್ರೆ ಕಳ್ಳ ಅಂತಲ್ಲ

ಬೈರಿದೇವರಕೊಪ್ಪ. ಪಿ.ಬಿ. ರಸ್ತೆ ಪಕ್ಕದ ಒಂದು ಚಹಾದಂಗಡಿ. ನಾನಾಗ ಇಂಜಿನಿಯರಿಂಗ್ ಎರಡನೇ ವರ್ಷ. ಓಣಿಯ ಹಿರಿಯರೊಬ್ಬರು ಇಂಗ್ಲಿಷ್ ಪೇಪರ್ ಕೈಗಿಟ್ಟು, "ತಮ್ಮಾ, ನಮ್ಮ ಓಣಿ ಹುಡುಗನ ಸುದ್ದಿ ಬಂದೈತಂತ. ಏನ್ ಬರದಾರ ನೋಡು" ಅಂದ್ರು.

ಐದೇ ಪದ. 'ಸ್ಟೂಡೆಂಟ್ ಹೆಲ್ಡ್ ಇನ್ ಥೆಫ್ಟ್ ಕೇಸ್.' ನಾನು ಜಂಬದಿಂದ ಹೇಳಿಬಿಟ್ಟೆ: "ಕಳುವು ಮಾಡಿ ಸಿಕ್ಕಿಬಿದ್ದಾನ ಕಾಕಾ."

ಸಂಜೆಯೊಳಗೆ ಓಣಿಗೆಲ್ಲ ಅವನು ಕಳ್ಳ. ಮರುದಿನ ಅವನ ತಾಯಿ ನಳದ ಹತ್ತಿರ ನೀರಿಗೆ ಬರಲಿಲ್ಲ. ಆಮೇಲೆ, ಅವನದೇನೂ ತಪ್ಪಿಲ್ಲ ಅಂತ ಪೊಲೀಸರು ಬಿಟ್ಟು ಕಳಿಸಿದರು. ಅದು ಹೆಡ್‌ಲೈನ್ ಆಗಲಿಲ್ಲ.

ನೋಡಿ ವೀಕ್ಷಕರೇ, ಪೇಪರ್ ಸುಳ್ಳು ಬರೆದಿರಲಿಲ್ಲ. 'ಹೆಲ್ಡ್' ಅಂದ್ರೆ ಪೊಲೀಸರು ಹಿಡಿದಿದ್ದಾರೆ, ಅಷ್ಟೇ. 'ಕಳುವು ಮಾಡಿ' ಅನ್ನೋದು ನಾನು ಸೇರಿಸಿದ್ದು.

ಈ ವಿಚಿತ್ರ ಭಾಷೆ ಹುಟ್ಟಿದ್ದಾದರೂ ಹೇಗೆ? ನಮ್ಮ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಬಂದಾಗ ದೇಶದಲ್ಲಿ ತಂತಿ ಸೇವೆಯೇ ಇರಲಿಲ್ಲ. 1850ರ ದಶಕದಲ್ಲಿ ತಂತಿ ಬಂತು. ತಂತಿಗೆ ದುಡ್ಡು ಪದದ ಲೆಕ್ಕದಲ್ಲಿ. ವರದಿಗಾರರು 'ದ', 'ಎ', 'ಈಸ್' ಅನ್ನೋ ಸಣ್ಣ ಪದಗಳನ್ನೆಲ್ಲ ಕತ್ತರಿಸಿದರು.

ಇನ್ನೊಂದು ಇಕ್ಕಟ್ಟು ಅಚ್ಚುಮನೆಯದು. ಕಾಲಂ ಕಿರಿದು. ಸೀಸದ ಮೊಳೆಯನ್ನು ಒತ್ತಿ ಸಣ್ಣ ಮಾಡೋಕಾಗಲ್ಲ. ಉಪಸಂಪಾದಕರು 'ಎಂ', 'ಡಬ್ಲ್ಯೂ'ಗಳಿಗೆ ಒಂದೂವರೆ, 'ಐ'ಗೆ ಅರ್ಧ ಅಂತ ಅಳತೆ ಹಾಕಿ ಶೀರ್ಷಿಕೆ ಕೂಡಿಸುತ್ತಿದ್ದರು. 'ಇನ್ವೆಸ್ಟಿಗೇಷನ್'ಗೆ 13 ಅಕ್ಷರ ಬೇಕು, 'ಪ್ರೋಬ್'ಗೆ ಐದು ಸಾಕು. 'ಡಿಸ್ಪ್ಯೂಟ್' ಏಳು, 'ರೌ' ಮೂರೇ.

ವ್ಯಾಕರಣವೂ ಬೇರೆ. ನಿನ್ನೆ ಆದದ್ದನ್ನು ಇವತ್ತು ಆಗುತ್ತಿರುವ ಹಾಗೆ ಬರೀತಾರೆ. 'ಸಿಎಂ ಟು ವಿಸಿಟ್' ಅಂದ್ರೆ ಬಂದಿಲ್ಲ, ಬರಲಿದ್ದಾರೆ. 'ತ್ರೀ ಕಿಲ್ಡ್' ಅಂದ್ರೆ ಮೂವರು ಕೊಂದರು ಅಂತಲ್ಲ, ಮೂವರು ಸತ್ತರು. ಸತ್ತದ್ದು ಯಾರಿಂದ? ಆ ಜಾಗದಲ್ಲಿ ಖಾಲಿ.

ನಮ್ಮ ಕನ್ನಡ ಇಲ್ಲಿ ಜಾಣ ಭಾಷೆ. ವಿಭಕ್ತಿ ಪದಕ್ಕೇ ಅಂಟಿಕೊಂಡಿರುತ್ತೆ. 'ಪೊಲೀಸರಿಗೆ ಥಳಿತ', 'ಪೊಲೀಸರಿಂದ ಥಳಿತ': ಎರಡೇ ಪದ, ಆದ್ರೂ ಹೊಡೆದವರ್ಯಾರು, ಹೊಡೆಸಿಕೊಂಡವರ್ಯಾರು ಅನ್ನೋದರಲ್ಲಿ ಗೊಂದಲವಿಲ್ಲ. ಇಂಗ್ಲಿಷ್‌ನಲ್ಲಿ ಸಣ್ಣ ಪದ ಕತ್ತರಿಸಿದರೆ ಅದರ ಜೊತೆ ಅರ್ಥವೂ ಹೋಗಬಹುದು. ಇಂಜಿನಿಯರಿಂಗ್‌ನಲ್ಲಿ ಇದಕ್ಕೆ 'ಲಾಸಿ ಕಂಪ್ರೆಷನ್' ಅಂತೀವಿ. ಫೈಲ್ ಚಿಕ್ಕದಾಗುತ್ತೆ, ಕಳೆದುಹೋದದ್ದು ವಾಪಸ್ ಬರಲ್ಲ.

ಅವಸರವೂ ಸೇರಿದರೆ? 1948ರ ನವೆಂಬರ್. ಅಮೆರಿಕದ ಅಧ್ಯಕ್ಷೀಯ ಚುನಾವಣೆ. ಮುದ್ರಣ ಕಾರ್ಮಿಕರ ಮುಷ್ಕರದಿಂದಾಗಿ 'ಷಿಕಾಗೋ ಟ್ರಿಬ್ಯೂನ್' ಪುಟಗಳನ್ನು ಬೇಗ ಮುಗಿಸಬೇಕಿತ್ತು. ಫಲಿತಾಂಶಕ್ಕೆ ಮೊದಲೇ ದಪ್ಪಕ್ಷರದಲ್ಲಿ ಅಚ್ಚಾಯ್ತು: 'ಡ್ಯೂಯಿ ಡಿಫೀಟ್ಸ್ ಟ್ರೂಮನ್.' ಗೆದ್ದದ್ದು ಟ್ರೂಮನ್! ಆ ಪೇಪರನ್ನೇ ಎತ್ತಿ ಹಿಡಿದು ಅವರು ನಕ್ಕ ಫೋಟೋ ಜಗತ್ಪ್ರಸಿದ್ಧ.

ಟ್ರೂಮನ್‌ಗೆ ನಗೋಕೆ ಒಂದು ಫೋಟೋ ಸಿಕ್ಕಿತು. ನಮ್ಮ ಓಣಿ ಹುಡುಗನಿಗೆ?

2013ರ ಜುಲೈನಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯ್ತು. ಸೀಸದ ಮೊಳೆಗಳೂ ಗುಜರಿ ಸೇರಿವೆ. ಆದ್ರೆ ಆ ಭಾಷೆ ಟಿವಿ ಪರದೆಯ ಕೆಳಗಿನ ಪಟ್ಟಿಯಲ್ಲಿ ಓಡ್ತಾನೇ ಇದೆ. ನಾವು ಅದಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಬೇರೆ ಸೇರಿಸಿದ್ದೀವಿ. ಗೊತ್ತಿಲ್ಲದ್ದನ್ನೂ ಹೇಳಿ ಜಾರಿಕೊಳ್ಳೋಕೆ ಅದು ಸುಲಭದ ದಾರಿ.

ಅದಕ್ಕೇ ಕೇಳ್ಕೋತೀನಿ. ಹೆಡ್‌ಲೈನ್ ಓದಿದ ಮೇಲೆ ಕೆಳಗಿನ ನಾಲ್ಕು ಸಾಲನ್ನೂ ಓದಿ. ಹೇಳಿದ್ದು ಯಾರು? ಆಗಿದೆಯಾ, ಆಗಲಿದೆಯಾ? ಬಂಧನವಾ, ಶಿಕ್ಷೆಯಾ? ಅಷ್ಟು ಗೊತ್ತಾಗೋವರೆಗೆ ಪಕ್ಕದವರಿಗೆ ಓದಿ ಹೇಳಬೇಡಿ. ಅಂದು ಚಹಾದಂಗಡಿಯಲ್ಲಿ ನಾನು ಹೇಳಿಬಿಟ್ಟೆ.