ಅನ್ಯಾಯದ ಕಾನೂನಿಗೆ ವಿಧೇಯತೆ ಎಲ್ಲಿಯವರೆಗೆ?

ನಾಡಿನ ಅಧಿಕಾರಿಗಳಿಗೆ ವಿಧೇಯರಾಗಿರುವುದು ಕ್ರೈಸ್ತರ ಕರ್ತವ್ಯ. ಸಂತ ಪೌಲರು ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಹೀಗೆ ಬೋಧಿಸಿದ್ದಾರೆ. ಆದರೆ ಯೇಸುವಿನ ಹೆಸರಿನಲ್ಲಿ ಬೋಧಿಸಬಾರದೆಂದು ನ್ಯಾಯಸಭೆ ಆಜ್ಞೆ ಮಾಡಿದಾಗ ಸಂತ ಪೇತ್ರರೂ ಇತರ ಪ್ರೇಷಿತರೂ ಅದನ್ನು ಪಾಲಿಸಲಿಲ್ಲ. ಧರ್ಮಸಭೆಯ ಬೋಧನೆ ಈ ಎರಡನ್ನೂ ಒಟ್ಟಿಗೆ ಹಿಡಿದಿದೆ.

ಘಟಪ್ರಭೆಯ ಉದಾಹರಣೆ

ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ 1929ರಲ್ಲಿ ಕರ್ನಾಟಕ ಆರೋಗ್ಯಧಾಮ ಆರಂಭವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರು ಡಾ. ನಾ. ಸು. ಹರ್ಡೀಕರ್. 1923ರಲ್ಲಿ ನಾಗಪುರದ ಸಿವಿಲ್ ಲೈನ್ಸ್ ಪ್ರದೇಶಕ್ಕೆ ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಹೋಗುವುದನ್ನು ಬ್ರಿಟಿಷ್ ಅಧಿಕಾರಿಗಳು ನಿಷೇಧಿಸಿದ್ದರು. ಹುಬ್ಬಳ್ಳಿಯ ಸ್ವಯಂಸೇವಕರೊಂದಿಗೆ ಹರ್ಡೀಕರ್ ಆ ಧ್ವಜ ಸತ್ಯಾಗ್ರಹದಲ್ಲಿ ಸೇರಿ ಸೆರೆಮನೆ ಕಂಡರು. ಕ್ಷಮಾಪಣೆ ಬರೆದುಕೊಟ್ಟು ಬಿಡುಗಡೆ ಪಡೆಯಲು ಅವರು ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ವೇಳೆ ಹಿಂದುಸ್ತಾನಿ ಸೇವಾದಳ ಹುಟ್ಟಿತು. 1932ರಲ್ಲಿ ಸರಕಾರ ಅದನ್ನು ನಿಷೇಧಿಸಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಅವರು ಆಜ್ಞೆಯನ್ನು ಮುರಿದದ್ದು ಬಹಿರಂಗವಾಗಿ. ಶಿಕ್ಷೆಯಿಂದ ಓಡಿಹೋಗಲೂ ಇಲ್ಲ, ತಪ್ಪಾಯಿತೆಂದು ಸುಳ್ಳು ಹೇಳಲೂ ಇಲ್ಲ. ಕಳ್ಳತನದಿಂದ ಕಾನೂನು ತಪ್ಪಿಸುವುದಕ್ಕೂ ಆತ್ಮಸಾಕ್ಷಿಯ ಪ್ರತಿಭಟನೆಗೂ ಇರುವ ವ್ಯತ್ಯಾಸ ಇದೇ.

ಯಾವ ಕಾನೂನು ಅನ್ಯಾಯದ್ದು?

ಸಂತ ಥಾಮಸ್ ಅಕ್ವಿನಾಸರು ಮೂರು ಗುರುತುಗಳನ್ನು ಹೇಳುತ್ತಾರೆ:

1. ಸಾರ್ವಜನಿಕ ಹಿತಕ್ಕಲ್ಲದೆ ಆಳುವವರ ಲಾಭಕ್ಕಾಗಿ ಮಾಡಿದ್ದು.
2. ಮಾಡಿದವರ ಅಧಿಕಾರ ಮೀರಿದ್ದು.
3. ಹೊರೆಯನ್ನು ಜನರ ಮೇಲೆ ಅಸಮಾನವಾಗಿ ಹೊರಿಸುವಂಥದ್ದು.

ಬಡವನ ಗಂಜಿಯ ಉಪ್ಪಿನ ಮೇಲೂ ಹಾಕಿದ್ದ ತೆರಿಗೆ ಮೂರನೆಯದಕ್ಕೆ ಉದಾಹರಣೆ. ನಮ್ಮ ಕರಾವಳಿಯ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಆ ಕಾನೂನನ್ನು ಮುರಿಯಲಾಯಿತು.

ಮಿತಿಗಳು

ದೇವರ ಆಜ್ಞೆಗೆ ವಿರುದ್ಧವಾದುದನ್ನು ಮಾಡಿಸುವ ಕಾನೂನನ್ನು ಎಂದಿಗೂ ಪಾಲಿಸುವಂತಿಲ್ಲ. ಆದರೆ ಕಾನೂನು ನಮಗೆ ನಷ್ಟವನ್ನಷ್ಟೇ ತರುವಂಥದ್ದಾದರೆ, ದೊಡ್ಡ ಗಲಭೆಯನ್ನೋ ಇತರರ ದುರ್ಮಾರ್ಗವನ್ನೋ ತಪ್ಪಿಸಲು ನಮ್ಮ ಹಕ್ಕನ್ನೇ ಬಿಟ್ಟುಕೊಡಬೇಕಾಗಬಹುದು ಎನ್ನುತ್ತಾರೆ ಅಕ್ವಿನಾಸ್. 1922ರಲ್ಲಿ ಚೌರಿಚೌರಾದಲ್ಲಿ 22 ಪೊಲೀಸರು ಹತರಾದಾಗ ಗಾಂಧೀಜಿ ಚಳವಳಿಯನ್ನೇ ನಿಲ್ಲಿಸಿದ್ದು ಇಂಥದೇ ವಿವೇಕ.

1992ರ ಕಥೋಲಿಕ ಧರ್ಮೋಪದೇಶ ಗ್ರಂಥವು (2242–2243) ನೈತಿಕ ನಿಯಮಕ್ಕೆ, ಮೂಲಭೂತ ಹಕ್ಕುಗಳಿಗೆ ಅಥವಾ ಶುಭಸಂದೇಶಕ್ಕೆ ವಿರುದ್ಧವಾದ ಆಜ್ಞೆಯನ್ನು ನಿರಾಕರಿಸುವುದು ಕರ್ತವ್ಯವೆನ್ನುತ್ತದೆ. ಆದರೆ ಆಯುಧ ಹಿಡಿಯುವುದಕ್ಕೆ ಐದು ಕಠಿಣ ಷರತ್ತುಗಳನ್ನು ಹಾಕಿ, ಐದೂ ಒಟ್ಟಿಗೆ ಇರಬೇಕೆನ್ನುತ್ತದೆ. ಉಳಿದೆಲ್ಲ ದಾರಿಗಳೂ ಮುಗಿದಿರಬೇಕು ಎಂಬುದು ಅವುಗಳಲ್ಲಿ ಒಂದು.

ಇಂದು ನಮಗೆ ಮನವಿ, ಮತದಾನ, ಸಂವಿಧಾನದ 226ನೇ ವಿಧಿಯಂತೆ ಹೈಕೋರ್ಟ್, 32ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಎಂಬ ದಾರಿಗಳಿವೆ. ಮೊದಲು ಅವನ್ನು ತುಳಿಯಬೇಕು. ಅವು ಮುಚ್ಚಿದಾಗಲೂ ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕು: ಇದು ನನ್ನ ಅನುಕೂಲವೋ, ನ್ಯಾಯವೋ? ಇದರ ಬೆಲೆಯನ್ನು ತೆರುವವನು ನಾನೋ, ನನ್ನ ನೆರೆಯವನೋ?